ಮಾಯೆಯ ಹಿಂದೆ ನಿಂತ ಮಾತು

ಇಲ್ಲದ್ದನ್ನು ಇದೆಯೆಂದು ನಂಬಿಸುವ ಕೆಲಸದಲ್ಲೇ ಬದುಕು ಸವೆಸುವವರಿಗೆ ಸತ್ಯದೊಡನೆ ಎಂಥ ನಂಟಿರಬೇಕು? ತೆರೆಯ ಮೇಲೆ ಹುಲಿ ಗರ್ಜಿಸಿದಾಗ ನಾವು ಕುರ್ಚಿಯಲ್ಲೇ ಹಿಂದೆ ಸರಿಯುತ್ತೇವೆ. ಅಲ್ಲಿ ಹುಲಿಯಿಲ್ಲವೆಂಬುದು ನಮಗೆ ಗೊತ್ತು. ಕಂಬ ಸೀಳಿ ನರಸಿಂಹ ಹೊರಬಂದಾಗ ನಮ್ಮ ಮನೆಯ ಹಿರಿಯರು ಕೈಮುಗಿಯುತ್ತಾರೆ. ಅದು ಕಂಪ್ಯೂಟರಿನಲ್ಲಿ ಮೂಡಿಸಿದ ರೂಪವೆಂಬುದು ಅವರಿಗೂ ಗೊತ್ತು. ಗೊತ್ತಿದ್ದೂ ನಂಬುವ, ನಂಬಿ ಕಣ್ಣೀರಿಡುವ ಈ ಗುಣ ಮನುಷ್ಯನಿಗೆ ಬಂದ ದೊಡ್ಡ ವರ. ಆ ವರವನ್ನು ಟಿಕೆಟ್ಟಿನ ಜೊತೆಗೇ ಯಾರ ಕೈಗೋ ಒಪ್ಪಿಸಿ ನಾವು ಕತ್ತಲಲ್ಲಿ ಕೂರುತ್ತೇವೆ. ಅದನ್ನು ಪಡೆದುಕೊಂಡವರು ಪ್ರತಿಯಾಗಿ ಏನನ್ನು ಕೊಡಬೇಕು?

ನಟರನ್ನು ಬಲ್ಲೆವು, ನಿರ್ದೇಶಕರನ್ನು ಬಲ್ಲೆವು. ಹಣ ಹೂಡಿದವರ ಹೆಸರನ್ನೂ ಪೋಸ್ಟರಿನ ಮೇಲೆ ಓದುತ್ತೇವೆ. ಆದರೆ ವಿಶುವಲ್ ಎಫೆಕ್ಟ್ಸ್ ಮತ್ತು ಅನಿಮೇಷನ್ ಲೋಕದ ಪ್ರೊಡ್ಯೂಸರ್ ಎಂಬ ವ್ಯಕ್ತಿ ನಮ್ಮ ಮಾತುಕತೆಯಲ್ಲಿ ಸುಳಿಯುವುದೇ ಇಲ್ಲ. ಅವರು ಹುಲಿಯನ್ನು ಬಿಡಿಸುವುದಿಲ್ಲ, ಸಮುದ್ರವನ್ನು ಉಕ್ಕಿಸುವುದಿಲ್ಲ, ಕ್ಯಾಮೆರಾ ಹಿಡಿಯುವುದಿಲ್ಲ. ಇವನ್ನೆಲ್ಲ ಮಾಡುವ ನೂರಾರು ಜನರ ದಿನಗಳನ್ನು ಎಣಿಸಿ, ಅಳೆದು, ಹಂಚಿ, ಕಾಯುವುದು ಅವರ ಕೆಲಸ. ಈ ವೃತ್ತಿಯನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ, ಅದು ಸಿನಿಮಾದ ಆಚೆಗೂ ನಮಗೇನೋ ಹೇಳುತ್ತದೆ ಎಂದು ನನಗೆ ತೋರುತ್ತದೆ.

ಚಿತ್ರಕಥೆ ಕೈಗೆ ಬಂದಾಗ ಉಳಿದವರು ಅದರಲ್ಲಿ ಕಥೆಯನ್ನು ಓದಿದರೆ, ಇವರು ದುಡಿಮೆಯನ್ನು ಓದುತ್ತಾರೆ. ‘ಊರಿಗೆ ಪ್ರವಾಹ ನುಗ್ಗಿತು’ ಎಂದು ಲೇಖಕ ಒಂದೇ ಸಾಲು ಬರೆದು ಮುಂದೆ ಹೋಗಬಹುದು. ಆ ಸಾಲು ಎಷ್ಟು ಶಾಟ್‌ಗಳಾಗುತ್ತದೆ? ಒಂದೊಂದು ಶಾಟಿಗೆ ಎಷ್ಟು ಮಂದಿ ಬೇಕು, ಎಷ್ಟು ದಿನ ಬೇಕು? ಹಿನ್ನೆಲೆಯಿಂದ ನಟನ ಆಕೃತಿಯನ್ನು ಫ್ರೇಮಿನಿಂದ ಫ್ರೇಮಿಗೆ ಗೆರೆ ಎಳೆದು ಬಿಡಿಸಿಕೊಡುವ ರೋಟೊ ಕಲಾವಿದರು, ನಟನನ್ನು ಗಾಳಿಯಲ್ಲಿ ಹಿಡಿದ ತಂತಿಗಳನ್ನು ಅಳಿಸುವ ಪೇಂಟ್ ಕಲಾವಿದರು, ನೀರಿಗೂ ಧೂಳಿಗೂ ಚಲನೆ ಕೊಡುವವರು, ಬೆಳಕು ಕೂಡಿಸುವವರು, ಕೊನೆಗೆ ಎಲ್ಲ ಪದರಗಳನ್ನೂ ಒಂದಾಗಿ ಹೆಣೆಯುವ ಕಂಪೋಸಿಟಿಂಗ್ ಕಲಾವಿದರು. ಇವರೆಲ್ಲರ ದಿನಗಳ ಮೊತ್ತವೇ ಬಿಡ್. ಆ ಬಿಡ್ಡಿಗೆ ಸಹಿ ಬಿದ್ದ ಗಳಿಗೆಯಿಂದ ಪ್ರೊಡ್ಯೂಸರ್ ಎರಡು ಕಡೆಗೆ ಮಾತು ಕೊಟ್ಟಂತಾಯಿತು: ಚಿತ್ರ ಮಾಡಿಸುವವರಿಗೆ ಕೆಲಸದ ಮಾತು, ಕೆಲಸ ಮಾಡುವವರಿಗೆ ಬದುಕಿನ ಮಾತು.

ಸಿನಿಮಾದ ಒಂದು ಸೆಕೆಂಡಿಗೆ 24 ಫ್ರೇಮುಗಳು. ಎರಡೂವರೆ ಗಂಟೆಯ ಚಿತ್ರವೆಂದರೆ 2,16,000 ಫ್ರೇಮುಗಳು. ಮೂರೇ ಸೆಕೆಂಡಿನ ಶಾಟಿನಲ್ಲಿ 72 ಚಿತ್ರಗಳಿರುತ್ತವೆ. ಒಂದೊಂದು ಚಿತ್ರವೂ ರೆಂಡರ್ ಆಗಿ, ಎಂದರೆ ಕಂಪ್ಯೂಟರಿನಲ್ಲಿ ಪೂರ್ಣ ರೂಪ ತಳೆದು, ಹೊರಬರಲು ಹತ್ತು ಗಂಟೆ ಹಿಡಿದರೆ, ಒಂದೇ ಯಂತ್ರ ಹಗಲಿರುಳು ಮೂವತ್ತು ದಿನ ಓಡಬೇಕು. ಅದಕ್ಕೇ ಸಾಲುಸಾಲು ಯಂತ್ರಗಳನ್ನು ಜೋಡಿಸಿ ದುಡಿಸುತ್ತಾರೆ. ಯಂತ್ರಗಳನ್ನು ಹಾಗೆ ಜೋಡಿಸಬಹುದು. ಮನುಷ್ಯರ ಕಣ್ಣುಗಳನ್ನು, ಬೆನ್ನುಗಳನ್ನು, ನಿದ್ದೆಗಳನ್ನು ಹಾಗೆ ಜೋಡಿಸಲು ಬರುತ್ತದೆಯೇ? ನಾವು ಒಮ್ಮೆ ರೆಪ್ಪೆ ಬಡಿಯುವಷ್ಟರಲ್ಲಿ ತೆರೆಯ ಮೇಲೆ ದಾಟಿಹೋದದ್ದು ಯಾರದೋ ಬದುಕಿನ ಒಂದು ಇಡೀ ವಾರ. ಇಷ್ಟು ಮಂದಿಯ ಆಯುಷ್ಯವನ್ನೇ ಕಚ್ಚಾ ಸಾಮಗ್ರಿಯಾಗಿ ಪಡೆದ ವೃತ್ತಿ ಹಗುರವಾದದ್ದು ಹೇಗಾದೀತು?

ಈ ವೃತ್ತಿ ಹೊಸದೆಂದು ನಾವು ಭಾವಿಸುತ್ತೇವೆ. ಆದರೆ ಭಾರತದ ಸಿನಿಮಾ ಹುಟ್ಟಿದ್ದೇ ಇದರ ಮಡಿಲಲ್ಲಿ. 1913ರಲ್ಲಿ ‘ರಾಜಾ ಹರಿಶ್ಚಂದ್ರ’ ತೆರೆಗೆ ಬರುವ ಮೊದಲು ದಾದಾಸಾಹೇಬ್ ಫಾಲ್ಕೆ ಒಂದು ಪುಟ್ಟ ಚಿತ್ರ ಮಾಡಿದ್ದರು. ಬಟಾಣಿಯ ಮೊಳಕೆ ಒಡೆದು ಬಳ್ಳಿಯಾಗುವ ಬಹುದಿನಗಳ ಬೆಳವಣಿಗೆಯನ್ನು ಬಿಡಿಬಿಡಿ ಫ್ರೇಮುಗಳಲ್ಲಿ ಸೆರೆಹಿಡಿದು, ಕ್ಷಣಗಳಲ್ಲಿ ಬೆಳೆಯುವಂತೆ ತೋರಿಸಿದರು. ಹಣ ಹೂಡುವವರಿಗೆ ನಂಬಿಕೆ ಹುಟ್ಟಿಸಲು ಅವರು ಮುಂದಿಟ್ಟದ್ದು ಆ ಮೊಳಕೆಯನ್ನು. ಕಥೆಯಿಲ್ಲ, ನಟರಿಲ್ಲ, ಬರಿಯ ತಾಳ್ಮೆಯ ಫಲ. ಆ ಹೊತ್ತಿನಲ್ಲಿ ಪತ್ನಿ ಸರಸ್ವತೀಬಾಯಿ ತಮ್ಮ ಒಡವೆಗಳನ್ನು ಬಿಚ್ಚಿಕೊಟ್ಟರು, ತಂಡಕ್ಕೆ ಅಡುಗೆ ಮಾಡಿ ಹಾಕಿದರು, ಫಿಲ್ಮಿನ ಕೆಲಸಕ್ಕೂ ಕೈಜೋಡಿಸಿದರು. ಪ್ರೊಡ್ಯೂಸರ್ ಎಂಬವರ ಧರ್ಮ ಏನೆಂದು ಕೇಳಿದರೆ, ಈ ದಂಪತಿಯ ಮನೆಯಲ್ಲೇ ಉತ್ತರವಿದೆ ಅನ್ನಿಸುತ್ತದೆ. ಅದ್ಭುತವನ್ನು ತೋರಿಸುವ ಆಸೆಯೂ ಊಟಕ್ಕೆ ಕೂತವರ ಎಲೆಯ ಮೇಲಿನ ಗಮನವೂ ಅಲ್ಲಿ ಬೇರೆಬೇರೆಯಾಗಿರಲಿಲ್ಲ.

ನಮ್ಮ ನೆಲಕ್ಕೂ ಈ ವಿದ್ಯೆ ಹೊರಗಿನದಲ್ಲ. ಕೊಪ್ಪಳದ ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಅವರ ವಯಸ್ಸು ತೊಂಬತ್ತು ದಾಟಿತ್ತು. ಬಿಳಿಯ ಪರದೆ, ಅದರ ಹಿಂದೆ ದೀಪ, ದೀಪದ ಮುಂದೆ ಬಣ್ಣದ ತೊಗಲು ಗೊಂಬೆ. ಅಷ್ಟರಲ್ಲೇ ರಾಮ ನಡೆಯುತ್ತಾನೆ, ಹನುಮ ಹಾರುತ್ತಾನೆ, ಲಂಕೆ ಉರಿಯುತ್ತದೆ. ತಲೆಮಾರುಗಳಿಂದ ಬಂದ ಆ ಗೊಂಬೆಗಳನ್ನು ಆಡಿಸುವ ಕೈಗಳು ಪರದೆಯ ಹಿಂದೆಯೇ ಉಳಿಯುತ್ತವೆ. ಆಟ ಗೆಲ್ಲಬೇಕಾದರೆ ಕೈ ಕಾಣಬಾರದು. ಹಾಗೆಂದು ಆ ಕೈಗಳಿಗೆ ಊಟವೂ ಗೌರವವೂ ಬೇಡವೇ?

ಇನ್ನೂ ಹಿಂದಕ್ಕೆ ಹೋಗೋಣ. ನಮ್ಮ ಕಲಬುರಗಿ ಜಿಲ್ಲೆಯ ಚಿತ್ತಾಪುರ ಸೀಮೆಯ ಸನ್ನತಿಯ ಬಳಿ, ಭೀಮಾ ತೀರದ ಕನಗನಹಳ್ಳಿಯಲ್ಲಿ ಎರಡು ಸಾವಿರ ವರ್ಷಗಳಷ್ಟು ಹಳೆಯ ಮಹಾಸ್ತೂಪದ ಅವಶೇಷಗಳಿವೆ. ಸುಣ್ಣಕಲ್ಲಿನ ಹಲಗೆಗಳ ಮೇಲೆ ಬುದ್ಧನ ಬದುಕು, ಜಾತಕ ಕಥೆಗಳು, ಅರಸರ ಪರಿವಾರಗಳು ಒಂದಾದಮೇಲೊಂದು ಕೆತ್ತಿಸಿಕೊಂಡು ನಿಂತಿವೆ. ಪ್ರದಕ್ಷಿಣೆ ಬರುತ್ತ ಹೋದವರಿಗೆ ಕಥೆಯೂ ಜೊತೆಯಲ್ಲೇ ನಡೆಯುತ್ತಿತ್ತು. ಚಿತ್ರ ನಿಂತಿತ್ತು, ನೋಡುವವನು ಚಲಿಸುತ್ತಿದ್ದ. ರಾಣಿಯರೊಡನೆ ನಿಂತ ಅಶೋಕನ ಶಿಲ್ಪದ ಬಳಿ ‘ರಾಯೋ ಅಶೋಕೋ’ ಎಂಬ ಬ್ರಾಹ್ಮೀ ಬರಹವಿದೆ. ಬುದ್ಧನಿರಬೇಕಾದ ಎಷ್ಟೋ ಎಡೆಗಳಲ್ಲಿ ಖಾಲಿ ಪೀಠ, ಪಾದದ ಗುರುತು, ಬೋಧಿವೃಕ್ಷಗಳಷ್ಟೇ ಇವೆ. ಇಲ್ಲದವನನ್ನು ಇದ್ದಾನೆಂದು ಅನುಭವಕ್ಕೆ ತಂದುಕೊಡುವ ಕಲೆಗೆ ಇದಕ್ಕಿಂತ ಎತ್ತರದ ಮಾದರಿ ಉಂಟೆ? ಆ ಶಿಲ್ಪಗಳ ಮೇಲೆ ಅರಸನ ಹೆಸರಿದೆ, ದಾನಿಗಳ ಹೆಸರುಗಳಿವೆ. ಉಳಿ ಹಿಡಿದ ಕೈಗಳಲ್ಲಿ ಎಷ್ಟರ ಹೆಸರು ನಮ್ಮ ನಾಲಿಗೆಯ ಮೇಲಿದೆ?

ಈಚಿನ ಕಾಲಕ್ಕೆ ಬಂದರೂ ಇದೇ ಕಥೆ. ಕಲಬುರಗಿಯಲ್ಲಿ 1916ರಲ್ಲಿ ಹುಟ್ಟಿದ ಚಿತ್ರಕಲಾವಿದ ಎಸ್.ಎಂ. ಪಂಡಿತರು ಮುಂಬಯಿಗೆ ಹೋಗಿ, ಹಾಲಿವುಡ್‌ನ ಎಂಜಿಎಂ ಚಿತ್ರಗಳಿಗೆ ಥಿಯೇಟರಿನ ಷೋಕಾರ್ಡುಗಳನ್ನು ಬರೆದರು, ‘ಫಿಲ್ಮ್‌ಇಂಡಿಯಾ’ ಪತ್ರಿಕೆಗೆ ಮುಖಪುಟಗಳನ್ನು ಬರೆದರು, ಪುರಾಣದ ಪಾತ್ರಗಳಿಗೆ ಮೈಬಣ್ಣ, ಸ್ನಾಯು, ನೋಟಗಳನ್ನು ಕೊಟ್ಟರು. ಅವರ ಚಿತ್ರಗಳು ಕ್ಯಾಲೆಂಡರುಗಳಾಗಿ ಮನೆಮನೆಯ ಗೋಡೆ ಸೇರಿದವು. ಇಂದು ಅನಿಮೇಷನ್ ಚಿತ್ರದಲ್ಲಿ ಭೀಮನನ್ನೋ ವಿಶ್ವಾಮಿತ್ರನನ್ನೋ ರೂಪಿಸುವ ಕಲಾವಿದರ ಮನಸ್ಸಿನಲ್ಲಿ ಪಂಡಿತರ ಕಾಲದ ಆ ಕುಂಚವೂ ಎಲ್ಲೋ ಕೆಲಸ ಮಾಡುತ್ತಿರುತ್ತದೆ. ಕಲಬುರಗಿಯ ರಂಗಮಂದಿರಕ್ಕೆ ಅವರ ಹೆಸರಿದೆ. ಆದರೆ ಅವರು ಬರೆದ ಷೋಕಾರ್ಡನ್ನು ನೋಡಿ ಒಳಹೊಕ್ಕ ಪ್ರೇಕ್ಷಕರಲ್ಲಿ ಎಷ್ಟು ಮಂದಿ ಆ ಕುಂಚ ಹಿಡಿದವರಾರೆಂದು ಕೇಳಿದ್ದರು?

ಇಲ್ಲಿಗೆ ನಾವು ಈ ವೃತ್ತಿಯ ಮೊದಲ ಒಗಟಿನ ಮುಂದೆ ಬಂದು ನಿಲ್ಲುತ್ತೇವೆ. ಉಳಿದ ಕಲೆಗಳಲ್ಲಿ ಚೆನ್ನಾಗಿ ಮಾಡಿದ್ದು ಎದ್ದು ಕಾಣುತ್ತದೆ. ಇಲ್ಲಿ ಚೆನ್ನಾಗಿ ಮಾಡಿದ್ದು ಮರೆಯಾಗುತ್ತದೆ. ತಪ್ಪಿದ್ದು ಮಾತ್ರ ಕಣ್ಣಿಗೆ ಹೊಡೆಯುತ್ತದೆ. ‘ಗ್ರಾಫಿಕ್ಸ್ ಗೊತ್ತಾಗುತ್ತದೆ’ ಎಂದು ನಾವು ಸಲೀಸಾಗಿ ಬೈಯುತ್ತೇವೆ. ಗೊತ್ತೇ ಆಗದಂತೆ ಕೂತ ಗ್ರಾಫಿಕ್ಸನ್ನು ಹೊಗಳಲು ನಮಗೆ ದಾರಿಯೇ ಇಲ್ಲ. ನಮ್ಮ ಶಹಾಬಾದಿನ ಹಾಸುಗಲ್ಲು ಫರ್ಸಿಯೂ ಹೀಗೆಯೇ. ಎಷ್ಟು ಊರುಗಳ ಪಡಸಾಲೆ, ಅಡುಗೆಮನೆ, ಶಾಲೆ, ರೈಲು ನಿಲ್ದಾಣಗಳಲ್ಲಿ ಅದು ಹಾಸಿಕೊಂಡಿಲ್ಲ? ಸರಿಯಾಗಿ ಕೂತ ಕಲ್ಲಿನ ಮೇಲೆ ಜನ ಕೆಳಗೆ ನೋಡದೆ ನಡೆಯುತ್ತಾರೆ. ಎಡವಿದಾಗಷ್ಟೇ ಕಲ್ಲು ನೆನಪಾಗುತ್ತದೆ. ಜನ ನಿಶ್ಚಿಂತೆಯಿಂದ ನಡೆದುಹೋಗುವುದೇ ಅದನ್ನು ಹಾಸಿದವರಿಗೆ ಸಲ್ಲುವ ಪ್ರಶಂಸೆ ಎಂದುಕೊಂಡರೆ, ಆ ಪ್ರಶಂಸೆಯಲ್ಲೇ ತೃಪ್ತಿ ಕಾಣಬಲ್ಲ ಮನಸ್ಸು ಎಷ್ಟು ದೊಡ್ಡದಿರಬೇಕು!

ಆದರೆ ಕಾಣದಿರುವುದರಲ್ಲೂ ಎರಡು ಬಗೆಯುಂಟು. ತಾನಾಗಿ ಒಪ್ಪಿಕೊಂಡ ಮರೆ ಒಂದು. ಇತರರು ಹೊರಿಸಿದ ಮರೆ ಇನ್ನೊಂದು. ಮೊದಲನೆಯದು ಸಾಧನೆ, ಎರಡನೆಯದು ಅನ್ಯಾಯ. ತನ್ನ ಕೆಲಸ ಚಿತ್ರದಲ್ಲಿ ಕರಗಲಿ ಎಂದು ಕಲಾವಿದೆ ಬಯಸುವುದು ಕಲೆಯ ವಿನಯ. ಅವಳ ರಾತ್ರಿಗಳೂ ಅವಳ ಪಗಾರವೂ ಹೆಸರೂ ಲೆಕ್ಕದಲ್ಲಿ ಕರಗಿಹೋಗಲಿ ಎಂದು ಯಾರೋ ಬಯಸಿದರೆ ಅದಕ್ಕೆ ಏನೆನ್ನಬೇಕು? ಈ ಎರಡರ ನಡುವಿನ ಗೆರೆಯನ್ನು ಕಾಯಲು ಒಬ್ಬರು ಬೇಕು. ಪ್ರೊಡ್ಯೂಸರ್ ಎಂಬ ಹುದ್ದೆಯ ನಿಜವಾದ ಅರ್ಥ ನನಗೆ ಹೊಳೆಯುವುದು ಈ ಗೆರೆಯ ಮೇಲೆ.

ಈ ವೃತ್ತಿಯ ದಾರಿಯಲ್ಲಿ ಬಹುದೂರ ನಡೆದವರ ಉದಾಹರಣೆ ನಮ್ಮ ಕಣ್ಣೆದುರೇ ಇದೆ. ನಮಿತ್ ಮಲ್ಹೋತ್ರಾ 1995ರಲ್ಲಿ ಮುಂಬಯಿಯ ಒಂದು ಗ್ಯಾರೇಜಿನಲ್ಲಿ ಎಡಿಟಿಂಗ್ ಸ್ಟುಡಿಯೊ ತೆರೆದಾಗ ಇನ್ನೂ ಇಪ್ಪತ್ತರ ಹರೆಯದವರು. ಅಜ್ಜ ಛಾಯಾಗ್ರಾಹಕರು, ತಂದೆ ನಿರ್ಮಾಪಕರು. ಆ ಕೆಲಸವೇ ಪ್ರೈಮ್ ಫೋಕಸ್ ಆಗಿ ಬೆಳೆದು, 2014ರಲ್ಲಿ ಲಂಡನ್ನಿನ ಡಬಲ್ ನೆಗೆಟಿವ್ ಜೊತೆ ಸೇರಿತು. ಇಂದು ಡಿಎನ್‌ಇಜಿ ಎಂದು ಕರೆಸಿಕೊಳ್ಳುವ ಆ ಸಂಸ್ಥೆ ‘ಬ್ಲೇಡ್ ರನ್ನರ್ 2049’, ‘ಟೆನೆಟ್’, ‘ಡ್ಯೂನ್’ ಚಿತ್ರಗಳಿಗೆ ಆಸ್ಕರ್ ಪಡೆದಿದೆ. ಮಲ್ಹೋತ್ರಾ ಈಗ ನಿರ್ಮಿಸುತ್ತಿರುವ ‘ರಾಮಾಯಣ’ದಲ್ಲಿ ನಮ್ಮ ಯಶ್ ರಾವಣನೂ ಹೌದು, ಸಹ ನಿರ್ಮಾಪಕರೂ ಹೌದು. ಬಸ್ ಚಾಲಕರ ಮಗನಾಗಿ ಬೆಳೆದ ಕನ್ನಡದ ನಟ ಲಂಕಾಧೀಶನ ಪಾತ್ರದ ಜೊತೆಗೆ ಆ ಲಂಕೆಯನ್ನು ಕಟ್ಟುವ ಖರ್ಚುವೆಚ್ಚದ ಹೊಣೆಯಲ್ಲೂ ಪಾಲು ಪಡೆದಿದ್ದಾರೆ. ತೊಗಲುಗೊಂಬೆಯ ಪರದೆಯ ಮೇಲೆ ಉರಿದ ಲಂಕೆಗೂ ಈ ಲಂಕೆಗೂ ಗಾತ್ರದಲ್ಲಿ ಹೋಲಿಕೆಯಿಲ್ಲ. ಆದರೆ ಎರಡೂ ನಿಂತಿರುವುದು ಮರೆಯಲ್ಲಿರುವ ಕೈಗಳನ್ನು ನಂಬಿ.

ಕನ್ನಡದ್ದೇ ಮಾತಾಡುವುದಾದರೆ, 2018ರ ಡಿಸೆಂಬರಿನಲ್ಲಿ ಬಂದ ‘ಕೆಜಿಎಫ್’ ಮೊದಲ ಅಧ್ಯಾಯ ಮರುವರ್ಷ ಪ್ರಕಟವಾದ ರಾಷ್ಟ್ರ ಪ್ರಶಸ್ತಿಗಳಲ್ಲಿ ಸ್ಪೆಷಲ್ ಎಫೆಕ್ಟ್ಸ್ ಗೌರವವನ್ನು ತೆಲುಗಿನ ‘ಅ!’ ಚಿತ್ರದೊಡನೆ ಹಂಚಿಕೊಂಡಿತು. ‘ಈಗ’ ಚಿತ್ರದ ನೊಣವನ್ನೂ ‘ಬಾಹುಬಲಿ’ಯ ಮಾಹಿಷ್ಮತಿಯನ್ನೂ ಕಲ್ಪಿಸಿದ ರಾಜಮೌಳಿ ಹುಟ್ಟಿದ್ದು ನಮ್ಮ ರಾಯಚೂರು ಜಿಲ್ಲೆಯ ಅಮರೇಶ್ವರ ಕ್ಯಾಂಪಿನಲ್ಲಿ. 2025ರ ಜುಲೈನಲ್ಲಿ ಹೊಂಬಾಳೆ ಸಂಸ್ಥೆ ಅರ್ಪಿಸಿದ ‘ಮಹಾವತಾರ ನರಸಿಂಹ’ ಎಂಬ ಅನಿಮೇಷನ್ ಚಿತ್ರವನ್ನು ಜನ ಕುಟುಂಬ ಸಮೇತ ಹೋಗಿ ನೋಡಿದರು. ಒಬ್ಬ ತಾರೆಯೂ ಇಲ್ಲದ ಆ ಚಿತ್ರಕ್ಕಾಗಿ ನಿರ್ದೇಶಕ ಅಶ್ವಿನ್ ಕುಮಾರ್ ಅವರೂ ಅವರ ಜೊತೆಗಾರ ನಿರ್ಮಾಪಕರೂ ವರ್ಷಗಟ್ಟಲೆ ಕಾದಿದ್ದರು. ಇಂಥ ಗೆಲುವುಗಳು ನಮ್ಮಲ್ಲಿ ಹೆಮ್ಮೆ ತುಂಬುತ್ತವೆ, ತುಂಬಲಿ. ಆದರೆ ಗೆಲುವು ಒಂದು ವೃತ್ತಿಯ ಎತ್ತರವನ್ನಷ್ಟೇ ತೋರಿಸಬಲ್ಲದು. ಆಳವನ್ನು ತೋರಿಸುವುದು ಸೋಲು.

2013ರ ಫೆಬ್ರವರಿ. ‘ಲೈಫ್ ಆಫ್ ಪೈ’ ಚಿತ್ರದ ಹುಲಿಯನ್ನು ಸೃಷ್ಟಿಸಿದ ರಿದಮ್ ಅಂಡ್ ಹ್ಯೂಸ್ ಸಂಸ್ಥೆ ದಿವಾಳಿ ಅರ್ಜಿ ಹಾಕಿತು. ಎರಡು ವಾರ ಕಳೆಯುವ ಮೊದಲೇ ಅದೇ ಹುಲಿಗೆ ಆಸ್ಕರ್ ಬಂತು. ವೇದಿಕೆಯ ಮೇಲೆ ಪ್ರಶಸ್ತಿ ಹಿಡಿದವರು ತಮ್ಮವರ ಸಂಕಟವನ್ನು ಹೇಳತೊಡಗಿದಾಗ ಸಂಗೀತ ಏರಿತು, ಮಾತು ಮುಳುಗಿತು. ಹೊರಗೆ ಬೀದಿಯಲ್ಲಿ ಕಲಾವಿದರು ಪ್ರತಿಭಟನೆಗೆ ನಿಂತಿದ್ದರು. ಹನ್ನೆರಡು ವರ್ಷಗಳ ನಂತರ, 2025ರ ಫೆಬ್ರವರಿಯಲ್ಲಿ, ಆ ನೋವು ನಮ್ಮ ಬೆಂಗಳೂರಿಗೇ ಬಂತು. ಟೆಕ್ನಿಕಲರ್ ಸಮೂಹ ಜಗತ್ತಿನಾದ್ಯಂತ ಕುಸಿದಾಗ ಇಲ್ಲಿನ ಸಾವಿರಾರು ಮಂದಿಯ ಕೆಲಸ ಒಮ್ಮೆಗೇ ಹೋಯಿತು. ‘ದಿ ಜಂಗಲ್ ಬುಕ್’ ಚಿತ್ರವನ್ನು ಲಾಸ್ ಏಂಜಲೀಸಿನ ಸ್ಟುಡಿಯೊ ಒಂದರೊಳಗೆ ಚಿತ್ರೀಕರಿಸಿದ್ದರು. ಅದರ ಭಾರತದ ಕಾಡಿಗೆ ಎಲೆ, ಬಳ್ಳಿ, ಉಸಿರು ಕೊಟ್ಟವರಲ್ಲಿ ಆ ಸಮೂಹದ ಬೆಂಗಳೂರಿನ ಕಲಾವಿದರೂ ಇದ್ದರು. ಕಾಡು ತೆರೆಯ ಮೇಲೆ ಇಂದಿಗೂ ಹಸಿರಾಗಿದೆ. ಅದನ್ನು ನೆಟ್ಟವರ ಮನೆಬಾಡಿಗೆ, ಮಕ್ಕಳ ಫೀಸು, ಊರಿಗೆ ಕಳಿಸಬೇಕಾದ ದುಡ್ಡು?

ಇಂಥ ಕುಸಿತಗಳಿಗೆ ಕಾರಣಗಳು ಹಲವು. 2023ರಲ್ಲಿ ಅಮೆರಿಕದ ಚಿತ್ರ ಲೇಖಕರೂ ನಟರೂ ಮುಷ್ಕರ ಹೂಡಿದಾಗ ಜಗತ್ತಿನ ಈ ತುದಿಯಲ್ಲಿ ಕೆಲಸ ಒಣಗಿತು. ಸಾಲದ ಹೊರೆ, ಅಗ್ಗದ ದರದ ಪೈಪೋಟಿ ಇವೂ ಸೇರಿದವು. ಆದರೆ ಎಲ್ಲ ಕಾರಣಗಳ ಬುಡದಲ್ಲಿ ಒಂದು ಹಳೆಯ ದೌರ್ಬಲ್ಯವಿದೆ: ಆಗದ ಮಾತು ಕೊಡುವುದು. ಬಿಡ್ ಒಂದು ಮೊತ್ತಕ್ಕೆ ನಿಗದಿಯಾಗುತ್ತದೆ. ನಿರ್ದೇಶಕರ ಮನಸ್ಸು ಮಾತ್ರ ದಿನದಿನಕ್ಕೆ ಬದಲಾಗುತ್ತದೆ. ಆಕಾಶ ಕೆಂಪಾಗಲಿ, ಬೇಡ ನೀಲಿಯಾಗಲಿ, ಕುದುರೆಗಳು ಇನ್ನೂ ನೂರಿರಲಿ. ಬಿಡುಗಡೆಯ ದಿನ ಅಲುಗುವುದಿಲ್ಲ, ಹಣ ಹೆಚ್ಚುವುದಿಲ್ಲ. ಆಗ ಎಳೆದುಕೊಳ್ಳಲು ಉಳಿಯುವುದು ಕಲಾವಿದರ ರಾತ್ರಿಗಳು ಮಾತ್ರ. ಆ ಗಳಿಗೆಯಲ್ಲಿ ಪ್ರೊಡ್ಯೂಸರ್ ಬಾಯಿಂದ ಹೊರಡಬೇಕಾದ ಪದ ಯಾವುದು? ‘ಆಗುತ್ತದೆ’ ಎನ್ನುವುದು ಸುಲಭ. ಎದುರಿಗಿದ್ದವರು ನಗುತ್ತಾರೆ, ಮುಂದಿನ ಕೆಲಸವೂ ಸಿಕ್ಕೀತು. ‘ಇಷ್ಟು ಆಗುತ್ತದೆ, ಇಷ್ಟು ಆಗುವುದಿಲ್ಲ, ಇದಕ್ಕೆ ಇಷ್ಟು ದಿನ ಬೇಕು’ ಎನ್ನಲು ಎದೆಗಾರಿಕೆ ಬೇಕು. ಮಾಯಾಲೋಕದ ಒಳಗೆ ಕಟ್ಟುನಿಟ್ಟಾಗಿ ನಿಜವಾಗಿರಬೇಕಾದದ್ದು ಈ ಮಾತು. ಇದು ಸುಳ್ಳಾದ ದಿನ ಉಳಿದದ್ದೆಲ್ಲವೂ ಸುಳ್ಳಾಗುತ್ತದೆ.

ಕಲ್ಯಾಣದ ನೆರಳಿನಲ್ಲಿ ಬೆಳೆದ ನಮಗೆ ಇದು ಹೊಸ ಪಾಠವೇನಲ್ಲ. ಶರಣರು ಕಾಯಕವನ್ನು ದೊಡ್ಡದು ಮಾಡಿದಾಗ ಬರಿಯ ದುಡಿಮೆಯನ್ನು ಹೊಗಳಲಿಲ್ಲ. ದುಡಿಮೆಯಲ್ಲಿ ಶುಚಿಯಿರಬೇಕು, ಫಲ ಹಂಚಿಕೆಯಾಗಬೇಕು ಎಂದರು. ದುಡಿದವನ ಬೆವರನ್ನು ಕಾಣದಂತೆ ಮಾಡಿ ಗಳಿಸಿದ್ದು ಅವರ ಲೆಕ್ಕದಲ್ಲಿ ಕಾಯಕವಾಗುತ್ತಿರಲಿಲ್ಲ. ಹನ್ನೆರಡನೆಯ ಶತಮಾನದ ಆ ಅಳತೆಗೋಲನ್ನು ಇಪ್ಪತ್ತೊಂದನೆಯ ಶತಮಾನದ ಸ್ಟುಡಿಯೊಗೆ ಹಿಡಿದರೆ ಅದು ಮೋಟಾಗುತ್ತದೆಯೇ? ಹವಾನಿಯಂತ್ರಿತ ಕೋಣೆಯಲ್ಲಿ ಮೌಸ್ ಹಿಡಿದ ಕೈಗೂ ಖಣಿಯಲ್ಲಿ ಸುತ್ತಿಗೆ ಹಿಡಿದ ಕೈಗೂ ದಣಿವು ಒಂದೇ, ಮರ್ಯಾದೆಯ ಹಸಿವೂ ಒಂದೇ.

ಇನ್ನೊಂದು ಸತ್ಯದ ಪ್ರಶ್ನೆಯೂ ಇದೆ. ಅದು ನಮ್ಮನ್ನು ಇನ್ನೂ ಒಳಕ್ಕೆ ಕರೆಯುತ್ತದೆ. ವಿಷ್ಣುವರ್ಧನ್ 2009ರ ಡಿಸೆಂಬರ್ 30ರಂದು ನಮ್ಮನ್ನು ಅಗಲಿದರು. 2016ರಲ್ಲಿ ಕೋಡಿ ರಾಮಕೃಷ್ಣ ಅವರ ‘ನಾಗರಹಾವು’ ಚಿತ್ರದಲ್ಲಿ ಗ್ರಾಫಿಕ್ಸಿನ ಮೂಲಕ ತೆರೆಗೆ ಮರಳಿದರು. ಅಭಿಮಾನಿಗಳ ಕಣ್ಣಲ್ಲಿ ನೀರು ಬಂದದ್ದು ನಿಜ. ತೀರಿಹೋದವರ ಮುಖವನ್ನು ಮತ್ತೆ ನಗಿಸುವ ಶಕ್ತಿ ಹಿಂದೆ ನೆನಪಿಗೆ ಮಾತ್ರ ಇತ್ತು; ಈಗ ಯಂತ್ರಕ್ಕೂ ಬಂದಿದೆ. ಆ ನಗುವಿನ ಮೇಲೆ ಹಕ್ಕು ಯಾರದು? ತೀರಿಹೋದವರು ಆಡದ ಮಾತನ್ನು ಅವರ ಬಾಯಿಂದ ಆಡಿಸಬಹುದೇ? ಗೌರವ ಎಲ್ಲಿ ಮುಗಿಯುತ್ತದೆ, ವ್ಯಾಪಾರ ಎಲ್ಲಿ ಶುರುವಾಗುತ್ತದೆ? ಕಾನೂನು ನಿಧಾನವಾಗಿ ಬರುತ್ತದೆ, ತಂತ್ರ ವೇಗವಾಗಿ ಓಡುತ್ತದೆ. ನಡುವಿನ ಬಯಲಿನಲ್ಲಿ ನಿರ್ಧಾರ ಮಾಡಬೇಕಾದವರು ಇದೇ ಪ್ರೊಡ್ಯೂಸರುಗಳು. ‘ಮಾಡಲು ಬರುತ್ತದೆ’ ಎಂಬುದೂ ‘ಮಾಡತಕ್ಕದ್ದು’ ಎಂಬುದೂ ಒಂದೇ ಅಲ್ಲವೆಂದು ಅರಿತವರು ಆ ಕುರ್ಚಿಯಲ್ಲಿ ಕೂರಬೇಕು.

ಕೃತಕ ಬುದ್ಧಿಮತ್ತೆ ಬಂದ ಮೇಲೆ ಈ ಮಾತಿಗೆ ಮತ್ತಷ್ಟು ತೂಕ ಬಂದಿದೆ. ರೋಟೊ, ಪೇಂಟ್‌ನಂಥ ಕೆಲಸಗಳು ಹೊಸಬರು ಈ ಲೋಕಕ್ಕೆ ಕಾಲಿಡುವ ಹೊಸ್ತಿಲು. ಅವನ್ನು ಯಂತ್ರಗಳು ಒಂದೊಂದಾಗಿ ಕಲಿಯುತ್ತಿವೆ. ಬೇಸರದ ದುಡಿಮೆ ಯಂತ್ರಕ್ಕೆ ಹೋದರೆ ಒಳ್ಳೆಯದೇ. ಆದರೆ ಹೊಸ್ತಿಲೇ ಹೋದರೆ ಮನೆಯೊಳಗೆ ಬರುವವರು ಹೇಗೆ ಬರುತ್ತಾರೆ? ಬೇಸರದ ಆ ಕೆಲಸದಲ್ಲೇ ಕಣ್ಣು ಪಳಗುತ್ತಿತ್ತು, ಕೈಗೆ ತಾಳ್ಮೆ ಬರುತ್ತಿತ್ತು. ಖರ್ಚು ಉಳಿಸುವ ಲೆಕ್ಕದ ಜೊತೆಗೆ ಕಲಿಕೆ ಉಳಿಸುವ ಲೆಕ್ಕವನ್ನೂ ಹಾಕಬಲ್ಲ ಪ್ರೊಡ್ಯೂಸರ್ ಮಾತ್ರ ಮುಂದಿನ ತಲೆಮಾರಿಗೆ ಏನನ್ನಾದರೂ ಬಿಟ್ಟುಹೋದಾರು.

ಈಗ ನಮ್ಮ ಮಕ್ಕಳ ಮಾತಿಗೆ ಬರೋಣ. ವಾಡಿ ಜಂಕ್ಷನ್ನಿನಲ್ಲಿ ಬೆಂಗಳೂರಿನ ರೈಲು ಹತ್ತುವ ಹುಡುಗ ಹುಡುಗಿಯರಲ್ಲಿ ಈ ಕನಸು ಕಟ್ಟಿಕೊಂಡವರೂ ಇದ್ದಾರೆ. ಅನಿಮೇಷನ್, ವಿಶುವಲ್ ಎಫೆಕ್ಟ್ಸ್, ಗೇಮಿಂಗ್ ಕ್ಷೇತ್ರಗಳಿಗೆಂದೇ ಕರ್ನಾಟಕ 2012ರಲ್ಲಿ ನೀತಿ ರೂಪಿಸಿತು. 2024ರಿಂದ 2029ರ ವರೆಗಿನ ಹೊಸ ನೀತಿ ಬಂದದ್ದು ಚಿತ್ತಾಪುರದ ಶಾಸಕ ಪ್ರಿಯಾಂಕ್ ಖರ್ಗೆ ಅವರು ಐಟಿ ಬಿಟಿ ಸಚಿವರಾಗಿರುವ ಕಾಲದಲ್ಲಿ. ನೀತಿಗಳು ಬಾಗಿಲು ತೆರೆಯಬಲ್ಲವು. ಬಾಗಿಲೊಳಗೆ ಹೋಗುವವರು ಏನನ್ನು ಹೊತ್ತು ಹೋಗಬೇಕೆಂಬುದು ಮನೆಯಲ್ಲಿ, ಊರಿನಲ್ಲಿ ನಿಶ್ಚಯವಾಗುತ್ತದೆ.

ನಮ್ಮ ಮಕ್ಕಳು ಬರಿಗೈಯಲ್ಲಿ ಹೋಗುವುದಿಲ್ಲ ಎಂಬುದನ್ನು ನಾವು ಅವರಿಗೆ ಹೇಳಬೇಕು. ಈ ಕಲೆಯಲ್ಲಿ ಕೃತಕವಾದ ಪ್ರತಿಯೊಂದೂ ಸಹಜವಾದುದನ್ನು ನೋಡಿಯೇ ಹುಟ್ಟುತ್ತದೆ. ಕಲಾವಿದರು ಅದನ್ನು ರೆಫರೆನ್ಸ್ ಎನ್ನುತ್ತಾರೆ. ಬಿಸಿಲು ನೆತ್ತಿಗೇರಿದಾಗ ಶಹಾಬಾದಿನ ಖಣಿಯ ಧೂಳು ಹೇಗೆ ಏಳುತ್ತದೆ, ವಾಡಿಯ ಸಿಮೆಂಟ್ ಕಾರ್ಖಾನೆಯ ಹೊಗೆ ಸಂಜೆಯ ಬೆಳಕಿಗೆ ಯಾವ ಬಣ್ಣ ತಾಳುತ್ತದೆ, ಸೇಡಂ ಹಾದಿಯಲ್ಲಿ ಹೂಬಿಟ್ಟ ತೊಗರಿಹೊಲದ ಮೇಲೆ ಗಾಳಿ ಹೇಗೆ ಹಾಯುತ್ತದೆ, ಮಳಖೇಡದ ಕೋಟೆಯ ಬಿರುಕಿನಲ್ಲಿ ಹುಲ್ಲು ಹೇಗೆ ಬೇರೂರುತ್ತದೆ, ಚಿಂಚೋಳಿಯ ಕಾಡು ಬೇಸಗೆಯಲ್ಲಿ ಎಲೆಯುದುರಿಸಿ ಮಳೆಗೆ ಹೇಗೆ ಚಿಗುರುತ್ತದೆ: ಇದನ್ನೆಲ್ಲ ಕಂಡ ಕಣ್ಣು ದೊಡ್ಡ ಬಂಡವಾಳ. ರಾಷ್ಟ್ರಕೂಟರ ಮಾನ್ಯಖೇಟವನ್ನು ನಾಳೆ ತೆರೆಯ ಮೇಲೆ ಮತ್ತೆ ಕಟ್ಟಬೇಕಾದರೆ ಕಾಗಿಣಾ ನದಿಯ ದಂಡೆಯ ಮಣ್ಣಿನ ಬಣ್ಣ ಬಲ್ಲವರಿಗಿಂತ ಹೆಚ್ಚಿನ ಅರ್ಹರು ಯಾರು? ನೋಡುವುದರಲ್ಲಿ ಸತ್ಯವಿಲ್ಲದವರು ತೋರಿಸುವುದರಲ್ಲಿ ಅದ್ಭುತ ಮಾಡಲಾರರು.

ಹಾಗೆಯೇ ಎಚ್ಚರವನ್ನೂ ಹೇಳಬೇಕು. ಲಕ್ಷಗಟ್ಟಲೆ ಫೀಸು ಕಟ್ಟಿಸಿಕೊಳ್ಳುವ ಕೋರ್ಸುಗಳೆಲ್ಲ ಕಲಿಸುವುದಿಲ್ಲ. ಸಾಫ್ಟ್‌ವೇರು ವರ್ಷವರ್ಷಕ್ಕೆ ಬದಲಾಗುತ್ತದೆ. ಚಿತ್ರ ಬಿಡಿಸುವ ಕೈ, ಬೆಳಕನ್ನು ಓದುವ ಕಣ್ಣು, ಕಥೆ ಹಿಡಿಯುವ ಮನಸ್ಸು ಬದಲಾಗುವುದಿಲ್ಲ. ಕೆಲಸದಲ್ಲಿ ಏರಿಳಿತವಿದೆ, ಚಿತ್ರವೊಂದು ಮುಗಿದರೆ ಮುಂದಿನದರ ಭರವಸೆ ಇರುವುದಿಲ್ಲ. ಕಲಾವಿದರಾಗಿ ಸೇರಿದವರಲ್ಲಿ ಕೆಲವರು ಕೋಆರ್ಡಿನೇಟರ್ ಆಗಿ, ವರ್ಷಗಳ ನಂತರ ಪ್ರೊಡ್ಯೂಸರ್ ಆಗುತ್ತಾರೆ. ಕೆಳಗಿನ ಮೆಟ್ಟಿಲಿನ ದಣಿವನ್ನು ಮೇಲಿನ ಮೆಟ್ಟಿಲಲ್ಲಿ ಮರೆಯದಿರುವುದೇ ಅಲ್ಲಿನ ಕಠಿಣವಾದ ಪರೀಕ್ಷೆ. ಬಹಳ ಕಡೆ ಬಹಳ ಮಂದಿ ಸೋಲುವುದೂ ಅಲ್ಲಿಯೇ.

ಪ್ರೇಕ್ಷಕರಾದ ನಮಗೂ ಇಲ್ಲಿ ಪಾಲಿಲ್ಲವೇ? ಹಬ್ಬದ ದಿನಕ್ಕೆ ಚಿತ್ರ ಬರಲೇಬೇಕೆಂದು ಹಟ ಹಿಡಿಯುವವರು ನಾವು. ಹತ್ತು ಸಾವಿರ ಸೈನಿಕರಿದ್ದರೆ ಇಪ್ಪತ್ತು ಸಾವಿರ ಏಕಿಲ್ಲವೆಂದು ಕೇಳುವವರು ನಾವು. ನಮ್ಮ ಆತುರವೇ ಡೆಡ್‌ಲೈನ್ ಆಗಿ, ನಮ್ಮ ಅತೃಪ್ತಿಯೇ ಹೊಸ ಬೇಡಿಕೆಯಾಗಿ, ಕೊನೆಗೆ ಯಾರದೋ ನಿದ್ದೆಯ ಮೇಲೆ ಇಳಿಯುತ್ತದೆ. ಗಾತ್ರಕ್ಕೆ ಬೆರಗಾಗುವುದನ್ನು ತುಸು ಕಡಿಮೆ ಮಾಡಿ, ಅರ್ಥಕ್ಕೆ ಬೆರಗಾಗುವುದನ್ನು ತುಸು ಹೆಚ್ಚಿಸಿಕೊಂಡರೆ ನಮ್ಮ ರುಚಿಯೂ ಬೆಳೆಯುತ್ತದೆ, ಅವರ ಬದುಕೂ ಹಗುರಾಗುತ್ತದೆ.

ನಮ್ಮ ಈ ಊರುಗಳ ಯಾವುದೋ ಒಂದು ಮನೆಯಿಂದ ಹೊರಟ ಹುಡುಗಿ ನಾಳೆ ಇಂಥ ಕುರ್ಚಿಯಲ್ಲಿ ಕೂತರೆ, ಅವಳನ್ನು ನಾವು ಹೇಗೆ ಅಳೆಯೋಣ? ಅವಳ ಚಿತ್ರ ಎಷ್ಟು ಕೋಟಿ ಗಳಿಸಿತೆಂದು ಪತ್ರಿಕೆಗಳು ಹೇಳುತ್ತವೆ, ಎಷ್ಟು ಪ್ರಶಸ್ತಿ ಬಂತೆಂದು ವೇದಿಕೆಗಳು ಹೇಳುತ್ತವೆ. ನಾವು ಬೇರೆಯದೇ ಒಂದನ್ನು ಕೇಳೋಣ: ಆ ಚಿತ್ರ ಮುಗಿದ ಮೇಲೆ ಅವಳ ತಂಡದವರು ಮುಂದಿನ ಕೆಲಸಕ್ಕೂ ಅವಳ ಜೊತೆಗೇ ಬರಲು ಮನಸಾರೆ ಒಪ್ಪಿದರೇ? ಒಪ್ಪಿದರೆಂದರೆ ಅವಳು ಕೊಟ್ಟ ಮಾತು ಉಳಿದಿದೆ ಎಂದರ್ಥ. ಈ ವೃತ್ತಿಯಲ್ಲಿ ಮಾತ್ರವೇಕೆ, ನಾಲ್ಕು ಜನರ ದುಡಿಮೆಯನ್ನು ನಂಬಿ ನಡೆಯುವ ಯಾವ ವೃತ್ತಿಯಲ್ಲೂ ಇದಕ್ಕಿಂತ ದೊಡ್ಡ ಗಳಿಕೆ ಇಲ್ಲ.